ಕರಿದ ಎಣ್ಣೆಯ ಬಯೋಡೀಸೆಲ್ ತೊಳೆಯುವಾಗ ಮಜ್ಜಿಗೆಯಂತಾಗುತ್ತಿದೆ

ಪ್ರಶ್ನೆ:
ಹಳೆಯ ಡೀಸೆಲ್ ಜೀಪಿಗೆಂದು, ಬಜ್ಜಿ-ಬೋಂಡ ಕರಿದು ಉಳಿದ 10 ಲೀಟರ್ ಎಣ್ಣೆಯನ್ನು ಹೋಟೆಲೊಂದರಿಂದ ತಂದು, ಬಟ್ಟೆಯಲ್ಲಿ ಸೋಸಿ, 55 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ, 35 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ 2 ಲೀಟರ್ ಮೆಥನಾಲ್ ಬೆರೆಸಿ ಒಂದು ಗಂಟೆ ಕಲಕಿದೆ. ತಳದಲ್ಲಿ ಗ್ಲಿಸರಿನ್ ತೆಳುವಾಗಿ ಮಾತ್ರ ಇಳಿಯಿತು. ಅದನ್ನು ಬಸಿದು, ಉಳಿದದ್ದಕ್ಕೆ ನೀರು ಹಾಕಿ ಕುಲುಕಿದಾಗ ಎಲ್ಲವೂ ಗಟ್ಟಿ ಮಜ್ಜಿಗೆಯಂತಾಗಿ, ಎರಡು ದಿನವಾದರೂ ಬೇರ್ಪಟ್ಟಿಲ್ಲ. ಇದನ್ನು ಉಳಿಸಿಕೊಳ್ಳಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:
ಈ ತೊಂದರೆಗೆ ಕಾರಣ ಸಾಬೂನು. ಲೀಟರಿಗೆ 3.5 ಗ್ರಾಂ ಸೋಡಾ ಎಂಬುದು ಹೊಸ ಎಣ್ಣೆಯ ಲೆಕ್ಕ. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿರುವುದರಿಂದ, ಹಾಕಿದ ಸೋಡಾದ ಬಹುಪಾಲು ಮೊದಲು ಅದರೊಡನೆ ಸೇರಿ ಸಾಬೂನಾಗುತ್ತದೆ, ಎಣ್ಣೆಯನ್ನು ಇಂಧನವಾಗಿಸಲು ಸ್ವಲ್ಪವೇ ಉಳಿಯುತ್ತದೆ. ಅರೆಬರೆ ಬದಲಾದ ಎಣ್ಣೆ ಮತ್ತು ಸಾಬೂನಿನ ಜೊತೆಗೆ ನೀರು ಸೇರಿಸಿ ಕುಲುಕಿದರೆ ಮಜ್ಜಿಗೆಯಾಗುವುದು ಸಹಜ.

ಆದ್ದರಿಂದ ಪ್ರತಿ ಸಲವೂ ಎಣ್ಣೆಯ ಆಮ್ಲವನ್ನು ಅಳೆಯಲೇಬೇಕು. ಒಂದು ಲೀಟರ್ ಶುದ್ಧೀಕರಿಸಿದ ನೀರಿನಲ್ಲಿ 1 ಗ್ರಾಂ ಸೋಡಾ ಕರಗಿಸಿಡಿ. 10 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ 1 ಮಿಲಿಲೀಟರ್ ಎಣ್ಣೆ ಮತ್ತು ಚಿಟಿಕೆ ಅರಿಸಿನ ಹಾಕಿ, ಸೋಡಾ ನೀರನ್ನು ಹನಿಹನಿಯಾಗಿ ಬಿಡುತ್ತಾ ಹೋಗಿ. ಅರಿಸಿನಕ್ಕೆ ಸುಣ್ಣ ಬೆರೆತಾಗ ಬರುವ ಓಕುಳಿಯ ಕೆಂಪು ಮೂಡಿ ಅರ್ಧ ನಿಮಿಷ ನಿಂತರೆ ಸಾಕು. ಎಷ್ಟು ಮಿಲಿಲೀಟರ್ ಹಿಡಿಯಿತೋ ಲೀಟರಿಗೆ ಅಷ್ಟು ಗ್ರಾಂ ಸೋಡಾವನ್ನು 3.5ಕ್ಕೆ ಕೂಡಿಸಿ.

ಎಣ್ಣೆಯಲ್ಲಿ ನೀರಿದ್ದರೂ ಸಾಬೂನು ಹೆಚ್ಚುತ್ತದೆ. ಬಿಸಿ ಬಾಣಲೆಗೆ ಚಮಚ ಎಣ್ಣೆ ಬಿಟ್ಟಾಗ ಚಟಪಟ ಸದ್ದು ಬಂದರೆ, ಮೆಥನಾಲ್ ಬೆರೆಸುವ ಮೊದಲೇ ಎಣ್ಣೆಯನ್ನು ಕಾಯಿಸಿ ನೀರು ಹೋಗಲಾಡಿಸಿ.

ಈಗ ಕೆಟ್ಟಿರುವುದಕ್ಕೆ ಬೆಚ್ಚಗಿನ ಉಪ್ಪುನೀರು ಸೇರಿಸಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಕಲಕದೆ ಬಿಡಿ. ಮೆಥನಾಲ್ 65 ಡಿಗ್ರಿಯಲ್ಲೇ ಕುದಿಯುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಾಣುವುದೇ ಇಲ್ಲ, ಹೊಟ್ಟೆಗೆ ಹೋದರೆ ಕಣ್ಣೂ ಪ್ರಾಣವೂ ಹೋಗಬಹುದು. ಆದ್ದರಿಂದ ಒಲೆಯ ಬಳಿಯಾಗಲಿ, ಅಡುಗೆಮನೆಯಲ್ಲಾಗಲಿ ಈ ಕೆಲಸ ಖಂಡಿತ ಬೇಡ.

ಪ್ರಶ್ನೆ ಕೇಳಿದವರಿಂದ:
ಅಳೆದಾಗ 2.5 ಬಂತು, ಅಂದರೆ 35 ಗ್ರಾಮಿನಲ್ಲಿ 25 ಗ್ರಾಂ ಆಮ್ಲಕ್ಕೇ ಹೋಗಿತ್ತು. ಅದೇ ಎಣ್ಣೆಯ ಇನ್ನೊಂದು 10 ಲೀಟರಿಗೆ 60 ಗ್ರಾಂ ಹಾಕಿದೆ. ಬೆಳಗಾಗುವಷ್ಟರಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಗ್ಲಿಸರಿನ್ ದಪ್ಪವಾಗಿ ತಳಕ್ಕಿಳಿದಿತ್ತು. ಜೀಪಿಗೆ ನೇರವಾಗಿ ಹಾಕಬಹುದೇ?

ಉತ್ತರ:
ಮೊದಲು 3 ಮಿಲಿಲೀಟರ್ ಇಂಧನವನ್ನು 27 ಮಿಲಿಲೀಟರ್ ಮೆಥನಾಲ್‌ಗೆ ಹಾಕಿ ನೋಡಿ. ಪೂರ್ತಿ ಕರಗದೆ ಎಣ್ಣೆ ತಳದಲ್ಲಿ ನಿಂತರೆ ಇನ್ನೊಮ್ಮೆ ಸಂಸ್ಕರಿಸಬೇಕು. ಕರಗಿದರೆ, ನೀರನ್ನು ತುಂತುರಾಗಿ ಚಿಮುಕಿಸಿ ತೊಳೆದು, ತಿಳಿಯಾಗುವವರೆಗೆ ಒಣಗಿಸಿ, ಡೀಸೆಲ್‌ನೊಡನೆ ಐದರಲ್ಲಿ ಒಂದು ಪಾಲಿನಷ್ಟೇ ಬೆರೆಸಿ. ಬಯೋಡೀಸೆಲ್ ಟ್ಯಾಂಕಿನ ಹಳೆಯ ಕೊಳೆಯನ್ನು ಎಬ್ಬಿಸುವುದರಿಂದ ಹೊಸ ಫಿಲ್ಟರ್ ಕೈಯಲ್ಲಿರಲಿ, ರಬ್ಬರ್ ಪೈಪು ಮೆತ್ತಗಾಗುತ್ತಿದೆಯೇ ಎಂದು ವಾರಕ್ಕೊಮ್ಮೆ ಒತ್ತಿ ನೋಡಿ.