ಲಿವರ್ ಆಕ್ಷನ್ (1892 ಮಾದರಿ, .44 ಮ್ಯಾಗ್ನಂ): ಎರಡನೇ ತೋಟಾ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಮುಂದಿನ ಶನಿವಾರದೊಳಗೆ ಸರಿಯಾಗಬೇಕು

ಮರಸು_ಕೂತವ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದಿಂದ ಬರೆಯುತ್ತಿದ್ದೇನೆ. ನಿನ್ನೆ, ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ, ಇಲ್ಲಿ ರೈಫಲ್‌ನಲ್ಲಿ ಜಿಂಕೆ ಬೇಟೆ ಶುರುವಾಯಿತು. ನನ್ನದು ವಿಂಚೆಸ್ಟರ್ 1892ರ ಮಾದರಿಯಲ್ಲಿ ಈಗ ಮಾಡುವ ಹೊಸ ಕೋವಿ, ಟ್ರಿಗರ್ ಸುತ್ತಲಿನ ಲಿವರ್ ಎಳೆದು ಮುಂದಿನ ತೋಟಾ ಏರಿಸುವಂಥದ್ದು. 20 ಇಂಚಿನ ನಳಿಗೆ, ಅದರ ಕೆಳಗಿನ ಕೊಳವೆಯಲ್ಲಿ ಹತ್ತು ತೋಟಾ ಹಿಡಿಯುತ್ತದೆ. ಕಂಪನಿ ಹೆಸರು ಬೇಡ.

ಬೆಳಿಗ್ಗೆ ಏಳೂವರೆಗೆ ಒಂದು ಗಂಡು ಬಂತು. ನಲವತ್ತು ಗಜ ಇರಬಹುದು. ಮೊದಲ ಈಡು ಬೆನ್ನ ಮೇಲಿಂದ ಹೋಯಿತು. ಜಿಂಕೆ ಓಡಲಿಲ್ಲ, ತಲೆ ಎತ್ತಿ ನಿಂತಿತ್ತು. ಲಿವರ್ ಎಳೆದೆ, ಖಾಲಿ ಕೇಸು ಹಾರಿತು, ವಾಪಸ್ ತರುವಾಗ ಅರ್ಧದಲ್ಲಿ ಗಟ್ಟಿಯಾಗಿ ನಿಂತೇಬಿಟ್ಟಿತು. ಮೇಲೂ ಬರಲ್ಲ, ಕೆಳಗೂ ಹೋಗಲ್ಲ. ಮೇಲಿಂದ ನೋಡಿದರೆ ಕ್ಯಾರಿಯರ್ (ತೋಟಾವನ್ನು ಮೇಲಕ್ಕೆತ್ತುವ ತುಂಡು) ಮೇಲೆ ಒಂದು ತೋಟಾ ಮೂಗು ಮೇಲೆ ಮಾಡಿಕೊಂಡಿತ್ತು, ಅದರ ಹಿಂದೆಯೇ ಇನ್ನೊಂದರ ಹಿತ್ತಾಳೆ ಅಂಚು ಕೊಳವೆಯ ಬಾಯಿಂದ ಉಗುರಿನಷ್ಟು ಹೊರಗೆ ಬಂದಿತ್ತು.

ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ಅರ್ಧ ಗಂಟೆ ಹುಡುಕಿದೆ. ರಕ್ತ ಇಲ್ಲ, ಕೂದಲು ಇಲ್ಲ. ಈಡು ತಾಗಿರಲಿಲ್ಲ ಅಂತ ಗೊತ್ತಾದ ಮೇಲೆ ಜೀವ ಬಂತು. ಗಾಯವಾಗಿದ್ದು, ಕೈಯಲ್ಲಿ ಕೋವಿ ಹೀಗೆ ಸಿಕ್ಕಿಕೊಂಡಿದ್ದರೆ ನನ್ನನ್ನು ನಾನೇ ಕ್ಷಮಿಸುತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ರೇಂಜ್‌ನಲ್ಲಿ ಅರವತ್ತು ಈಡು ಹೊಡೆದಿದ್ದೆ, ಒಂದೂ ತೊಂದರೆ ಇಲ್ಲ. ಊರಲ್ಲಿ ಅಜ್ಜನ ಹತ್ತಿರ ಬೆಳೆ ಕಾಯಲು ಜೋಡುನಳಿಗೆ ಕೋವಿ ಇತ್ತು. ಮುರಿದು, ಎರಡು ತೋಟಾ ಹಾಕಿ, ಮುಚ್ಚಿದರೆ ಆಯ್ತು. ಇದು ನನಗೆ ಹೊಸದು. ಎಲ್ಲಿಂದ ನೋಡಲಿ?

ಕಾಫಿತೋಟ

ಗುಂಡಿನ ಆಕಾರ ನೋಡಿ ಬ್ರದರ್. ಭುಜದ ಹತ್ತಿರ ಮೆಟ್ಟಿಲಿನ ಥರ ಕಟ್ ಇರುವ ಸೀಸದ ಗುಂಡು ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಅಂಚಿಗೆ ತಗುಲಿ ನಿಲ್ಲುತ್ತದೆ. ನನಗೆ ಹೀಗೇ ಆಗಿತ್ತು. ಉದ್ದವನ್ನೂ ಅಳೆಯಿರಿ, .44 ಮ್ಯಾಗ್ನಂ ತೋಟಾ 1.610 ಇಂಚು ದಾಟಬಾರದು. 300 ಗ್ರೇನ್ ತೂಕದ ಗುಂಡು ಕೂರಿಸಿ ಮನೆಯಲ್ಲೇ ತುಂಬುವವರು ಇಲ್ಲೇ ಎಡವುತ್ತಾರೆ.

ಮರಸು_ಕೂತವ

ಇಲ್ಲ ಸರ್, ಅಂಗಡಿಯದೇ. 240 ಗ್ರೇನ್, ಚಪ್ಪಟೆ ಮೂಗು, ತಾಮ್ರದ ಹೊದಿಕೆ. ವರ್ನಿಯರ್ ಹಿಡಿದು ಐದು ತೋಟಾ ಅಳೆದೆ, ಎಲ್ಲವೂ 1.600 ಒಳಗೇ ಇವೆ. ರೇಂಜ್‌ನಲ್ಲೂ ಇದೇ ಡಬ್ಬಿ.

ಹಳೇಕೋವಿ

ತೋಟಾದ ತಪ್ಪಲ್ಲ ಇದು. ನೀವು ಬರೆದ ಆ ಒಂದು ಸಾಲಿನಲ್ಲೇ ಉತ್ತರ ಇದೆ: ಎರಡನೇ ತೋಟಾದ ಅಂಚು ಹೊರಗೆ ಬಂದಿತ್ತು ಅಂದಿರಿ ಅಲ್ವಾ? ಅದು ಬರಲೇಬಾರದು. ಒಂದು ತೋಟಾ ಕ್ಯಾರಿಯರ್ ಮೇಲೆ ಬಂದ ಮೇಲೆ ಮುಂದಿನದನ್ನು ಕೊಳವೆಯಲ್ಲೇ ತಡೆದು ನಿಲ್ಲಿಸುವ ಒಂದು ಪುಟ್ಟ ತುಂಡು ಇದೆ, ಕಾರ್ಟ್ರಿಜ್ ಸ್ಟಾಪ್ ಅಂತ. 1892 ಮಾದರಿಯಲ್ಲಿ ಅದು ಎಡಗಡೆಯ ಗೈಡ್‌ನಲ್ಲಿರುತ್ತದೆ (ತೋಟಾಕ್ಕೆ ದಾರಿ ಕೊಡುವ ಪಟ್ಟಿ), ಅದರ ಹಿಂದೆ ಸಣ್ಣ ಸ್ಪ್ರಿಂಗ್. ಆ ಗೈಡ್ ಅನ್ನು ಹಿಡಿದಿರೋದು ರಿಸೀವರ್‌ನ (ಯಂತ್ರ ಕೂರುವ ಕೋವಿಯ ನಡುಭಾಗ) ಹೊರಗಿನಿಂದ ಕಾಣುವ ಒಂದೇ ಒಂದು ಸ್ಕ್ರೂ. ಸ್ಕ್ರೂ ಸಡಿಲವಾದರೆ ಗೈಡ್ ಅಲುಗಾಡುತ್ತದೆ, ಸ್ಟಾಪ್ ಅಂಟಿಕೊಂಡರೆ ಹೊರಗೆ ಬರೋದೇ ಇಲ್ಲ. ಎರಡರಲ್ಲಿ ಯಾವುದು ಆದರೂ, ಮುಂದಿನ ತೋಟಾ ನುಗ್ಗುತ್ತದೆ.

ಮೂರು ವಿಷಯ ಹೇಳಿ. ಕೊಳವೆಯಲ್ಲಿ ಎಷ್ಟು ತೋಟಾ ಇತ್ತು? ರೇಂಜ್‌ನಲ್ಲಿ ಎಷ್ಟು ತುಂಬುತ್ತಿದ್ದಿರಿ? ಕೊಂಡ ಮೇಲೆ ಒಳಗೆ ಒಮ್ಮೆಯಾದರೂ ತೊಳೆದಿದ್ದೀರಾ?

ಇನ್ನೊಂದು ಮಾತು, ಇದು ಮುಖ್ಯ. ಸಿಕ್ಕಿಕೊಂಡ ತೋಟಾವನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ತೋಟಾದ ಹಿಂಬದಿಯಲ್ಲಿ ಕಿಡಿ ಹಚ್ಚುವ ಕೇಪಿಗೆ ತಗುಲಿದರೆ ಅಲ್ಲೇ ಸಿಡಿಯುತ್ತದೆ. ನಳಿಗೆಯನ್ನು ಯಾರೂ ಇಲ್ಲದ ಕಡೆ ನೆಲಕ್ಕೆ ಮಾಡಿ, ಲಿವರ್ ಮೇಲೆ ಒತ್ತಡ ಹಾಕದೆ, ಹೊರಬಂದ ತೋಟಾದ ಅಂಚನ್ನು ಮರದ ಕಡ್ಡಿಯಿಂದ ಮೆಲ್ಲಗೆ ಕೊಳವೆಯೊಳಗೆ ತಳ್ಳಿ. ಆಮೇಲೆ ಲಿವರ್ ತಾನಾಗಿ ಬಿಡುತ್ತದೆ.

ಮರಸು_ಕೂತವ

ಸರ್, ಹತ್ತೂ ತುಂಬಿದ್ದೆ. ರೇಂಜ್‌ನಲ್ಲಿ ಮೂರು ಮೂರೇ ಹಾಕುತ್ತಿದ್ದೆ, ಗುರಿ ನೋಡಿಕೊಳ್ಳಲು. ತೊಳೆದಿಲ್ಲ. ಹೊಸದು ತಾನೇ ಅಂತ ಹೊರಗೆ ಎಣ್ಣೆ ಒರೆಸಿದ್ದೆ ಅಷ್ಟೇ.

ಹಳೇಕೋವಿ

ಅದೇ ನೋಡಿ. ಹತ್ತು ತುಂಬಿದಾಗ ಕೊಳವೆಯ ಸ್ಪ್ರಿಂಗ್ ಪೂರ್ತಿ ಅದುಮಿಕೊಂಡು ತೋಟಾವನ್ನು ಜೋರಾಗಿ ಹಿಂದಕ್ಕೆ ದಬ್ಬುತ್ತದೆ. ಮೂರು ಇದ್ದಾಗ ಅಷ್ಟು ಬಲ ಇರಲ್ಲ, ಅರೆಬರೆ ಸ್ಟಾಪ್ ಕೂಡ ತಡೆದುಬಿಡುತ್ತದೆ. ಮೇಲಿಂದ ಚಳಿ. ಫ್ಯಾಕ್ಟರಿಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಬಳಿದ ಗ್ರೀಸು ಸೆಪ್ಟೆಂಬರ್‌ನ ಬಿಸಿಲಿಗೆ ಹರಿಯುತ್ತದೆ, ನವೆಂಬರ್ ಬೆಳಗ್ಗೆ ಮೇಣವಾಗುತ್ತದೆ.

ಮೊದಲು ಕೋವಿ ಖಾಲಿ ಮಾಡಿ. ಕೊಳವೆಯೊಳಗೆ ಒಂದೂ ಉಳಿದಿಲ್ಲ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ಪೂರ್ತಿ ಬಿಚ್ಚೋದು ಬೇಡ. ಲಿವರ್ ಕೆಳಗಿಳಿಸಿ ಮೇಲಿಂದ ಗನ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಎಡಗಡೆ ಮೂಲೆಯನ್ನು ಉಜ್ಜಿ. ಕಡ್ಡಿಯಿಂದ ಸ್ಟಾಪ್ ಒತ್ತಿ ಬಿಟ್ಟರೆ ಟಕ್ ಅಂತ ವಾಪಸ್ ಬರಬೇಕು. ನಿಧಾನಕ್ಕೆ ತೆವಳಿಕೊಂಡು ಬಂದರೆ ಇನ್ನೂ ಕೊಳೆ ಇದೆ ಅಂತ ಅರ್ಥ. ಸ್ಕ್ರೂಗೆ ಅದರ ತಲೆಯ ಸೀಳಿನಲ್ಲಿ ಸರಿಯಾಗಿ ಕೂರುವ ಡ್ರೈವರ್ ಹಾಕಿ, ಇಲ್ಲದಿದ್ದರೆ ಸ್ಕ್ರೂ ತಲೆ ಹಾಳಾಗುತ್ತದೆ. ಒಣಗಿಸಿ ಒಂದೇ ತೊಟ್ಟು ತೆಳು ಎಣ್ಣೆ. ಜಾಸ್ತಿ ಬೇಡವೇ ಬೇಡ.

ಹೊಸಬ_ಓಹಾಯೋ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾನೂ ಒಂದು ಲಿವರ್ ಕೋವಿ ತಗೊಳ್ಳಬೇಕು ಅಂತಿದ್ದೇನೆ, .30-30 ತೋಟಾದ್ದು. ಚೂಪು ಮೂಗಿನ ಗುಂಡು ಹಾಕಿದರೆ ದೂರ ಹೋಗುತ್ತೆ ಅಲ್ವಾ? ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ, ತೊಂದರೆ ಇದೆಯಾ?

ಹಳೇಕೋವಿ

ಚೂಪು ಗುಂಡು ಕೊಳವೆಗೆ ಹಾಕಲೇಬೇಡಿ ತಮ್ಮಾ. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಒಂದರ ಮೂಗು ಮುಂದಿನದರ ಕೇಪಿಗೇ ತಾಗಿರುತ್ತದೆ. ಒಂದು ಈಡಿನ ಒದೆತಕ್ಕೆ ಚೂಪು ತುದಿ ಕೇಪನ್ನು ಕುಟ್ಟಿದರೆ ಕೊಳವೆಯೊಳಗೇ ಸಿಡಿಯುತ್ತದೆ, ಎಡಗೈ ಇರೋದು ಅಲ್ಲೇ. ಅದಕ್ಕೇ .30-30ಗೆ ಚಪ್ಪಟೆ ಅಥವಾ ದುಂಡು ಮೂಗು. ಚೂಪೇ ಬೇಕಾದರೆ ಹಾರ್ನಡಿ ಕಂಪನಿಯವರ ಲೆವರ್‌ಎವಲ್ಯೂಷನ್ ಇದೆ, ಅದರ ತುದಿ ರಬ್ಬರಿನಂತೆ ಮೆದು.

ವೀಸಾ ವಿಷಯ: ಎಚ್-1ಬಿಯಲ್ಲಿ ಇರುವವರು ಇಲ್ಲಿ ಸುಮ್ನೆ ಕೋವಿ ಆಗಲಿ ತೋಟಾ ಆಗಲಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ಫೆಡರಲ್ ಕಾನೂನು. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಮೊದಲು ಬೇಟೆ ತರಬೇತಿ ಮುಗಿಸಿ, ಲೈಸೆನ್ಸ್ ತಗೊಳ್ಳಿ, ಅದು ಕೈಗೆ ಬರುವ ತನಕ ಅಂಗಡಿಯಲ್ಲಿ ಕೋವಿ ಮುಟ್ಟಲೂ ಹೋಗಬೇಡಿ.

ಮರಸು_ಕೂತವ (ಬುಧವಾರ)

ಸರ್, ನೀವು ಹೇಳಿದ್ದು ಎರಡೂ ಸಿಕ್ಕಿತು. ಎಡಗಡೆ ಸ್ಕ್ರೂ ಅರ್ಧ ಸುತ್ತು ಸಡಿಲ. ಸ್ಟಾಪ್ ಸುತ್ತ ಕಂದು ಬಣ್ಣದ ಅಂಟು, ಹಳೇ ಜೋನಿಬೆಲ್ಲದ ಹಾಗೆ. ಬ್ರಷ್‌ಗೆ ಮೆತ್ತಿಕೊಂಡು ದಾರ ದಾರವಾಗಿ ಬಂತು. ಮೂರು ಸಲ ತೊಳೆದ ಮೇಲೆ ಟಕ್ ಅನ್ನೋ ಸದ್ದು ಕೇಳಿಸಿತು.

ಆಮೇಲೆ ಹತ್ತು ಡಮ್ಮಿ ತೋಟಾ ತುಂಬಿ, ಕೋವಿಯನ್ನು ರಾತ್ರಿಯಿಡೀ ಗ್ಯಾರೇಜ್‌ನ ಚಳಿಯಲ್ಲಿಟ್ಟು, ಬೆಳಿಗ್ಗೆ ಆಡಿಸಿದೆ. ಐದು ಸುತ್ತಿನಲ್ಲಿ, ಅಂದರೆ ಐವತ್ತರಲ್ಲಿ, ಎರಡು ಸಲ ಮಾತ್ರ ಮೂಗು ತಗುಲಿ ನಿಂತಿತು. ಎರಡನೇ ತೋಟಾ ಹೊರಗೆ ಬಂದಿರಲಿಲ್ಲ.

ಹಳೇಕೋವಿ

ಆ ಎರಡು ಸಲ ಲಿವರ್ ಹೇಗೆ ಎಳೆದಿರಿ? ನಿಧಾನಕ್ಕಾ?

ಮರಸು_ಕೂತವ

ಹೌದು ಸರ್. ಕಾಡಲ್ಲಿ ಸದ್ದಾಗಬಾರದು ಅಂತ ಮೆಲ್ಲಗೆ ಎಳೆಯೋ ಅಭ್ಯಾಸ ಮಾಡಿಕೊಂಡಿದ್ದೆ.

ಹಳೇಕೋವಿ

ಅದನ್ನು ಇವತ್ತೇ ಬಿಡಿ. ಬ್ರೌನಿಂಗ್ ಈ ಯಂತ್ರ ಮಾಡಿದ್ದೇ ಜೋರಾಗಿ ಎಳೆಯಲು. ಕ್ಯಾರಿಯರ್ ತೋಟಾವನ್ನು ಮೇಲಕ್ಕೆ ಎತ್ತಿದ ಕೂಡಲೇ ಬೋಲ್ಟ್ ಬಂದು ಒಳಗೆ ದಬ್ಬಬೇಕು, ತಡವಾದರೆ ತೋಟಾ ವಾಲುತ್ತದೆ. ಲಿವರ್ ಪೂರ್ತಿ ಕೆಳಗೆ, ತಳ ಮುಟ್ಟುವ ತನಕ, ಹಾಗೇ ಒಂದೇ ಓಟದಲ್ಲಿ ಮೇಲೆ. ಕೋವಿಯನ್ನು ಭುಜದಿಂದ ಇಳಿಸದೆ ಮಾಡಿ. ಮೊದಲ ಈಡು ಹೊಡೆದ ಮೇಲೆ ಕಾಡಿಗೆಲ್ಲ ಕೇಳಿಸಿ ಆಗಿದೆ, ಲಿವರ್ ಸದ್ದು ಮುಚ್ಚಿಡೋಕೆ ಏನೂ ಉಳಿದಿಲ್ಲ.

ಹತ್ತು ತುಂಬೋದೂ ಬೇಡ. ಜಿಂಕೆಗೆ ಐದು ಸಾಕು.

ಮರಸು_ಕೂತವ (ಶನಿವಾರ ಸಂಜೆ)

ಇವತ್ತು ಅದೇ ಗುಡ್ಡ, ಬೇರೆ ಮರ. ಐದು ತುಂಬಿದ್ದೆ. ಹತ್ತು ಗಂಟೆಗೆ ಒಂದು ಹೆಣ್ಣು ಬಂತು, ಹೆಣ್ಣಿನ ಪರ್ಮಿಟ್ಟೂ ನನ್ನ ಹತ್ತಿರ ಇತ್ತು. ಸುಮಾರು ಐವತ್ತು ಗಜ. ಮೊದಲ ಈಡು ತಾಗಿತು, ಆದರೆ ಸ್ವಲ್ಪ ಹಿಂದೆ. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಿತು. ಲಿವರ್ ತಳ ಮುಟ್ಟಿಸಿ ಎಳೆದೆ ಸರ್, ಭುಜದಿಂದ ಇಳಿಸಲಿಲ್ಲ. ತೋಟಾ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಎರಡನೇ ಈಡಿಗೆ ಅಲ್ಲೇ ಬಿತ್ತು. ನರಳಲಿಲ್ಲ.

ಕಾರಿನ ಹತ್ತಿರ ಬರುವ ಮೊದಲೇ ಉಳಿದ ಮೂರನ್ನೂ ಖಾಲಿ ಮಾಡಿದೆ. ನಳಿಗೆ ಮಣ್ಣಿನ ದಿಬ್ಬಕ್ಕೆ ಮಾಡಿ ಒಂದೊಂದಾಗಿ ತೆಗೆದೆ, ಒಂದೂ ಸಿಕ್ಕಿಕೊಳ್ಳಲಿಲ್ಲ. ಮನೆಗೆ ಬಂದು ನೋಡಿದರೆ ಆ ಎಡಗಡೆ ಸ್ಕ್ರೂ ಮತ್ತೆ ಕೂದಲೆಳೆಯಷ್ಟು ತಿರುಗಿದೆ. ಏನು ಹಾಕಲಿ?

ಹಳೇಕೋವಿ

ಕಣ್ಣು ತುಂಬಿ ಬಂತು ಮಾರಾಯ್ರೇ, ಎರಡನೇ ಈಡು ಸಮಯಕ್ಕೆ ಸಿಕ್ಕಿತಲ್ಲ.

ಸ್ಕ್ರೂ ತೆಗೆದು ಎಣ್ಣೆ ಪೂರ್ತಿ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಸಣ್ಣ ಹನಿ. ಕೆಂಪು ಹಾಕಬೇಡಿ, ಆಮೇಲೆ ಕಾಯಿಸದೆ ಬಿಚ್ಚಲು ಬರಲ್ಲ. ಒಂದು ದಿನ ಒಣಗಲು ಬಿಡಿ.