ದ್ರೋಹ, ವಂಚನೆ, ವಿಶ್ವಾಸಘಾತ: 1834ರ ಘಟನೆಯ ಲೇಖನಕ್ಕೆ ಯಾವ ಪದ ಸರಿ?

ಮೂರ್ನಾಡು ಓದುಗ:
ನಮ್ಮ ವಾಚನಾಲಯದ ಸಂಚಿಕೆಗೆ ಕೊಡಗಿನ ಹಾಲೇರಿ ಅರಸರ ಕೊನೆಗಾಲದ ಬಗ್ಗೆ ಒಂದು ಲೇಖನ ಬಂದಿದೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ದಿವಾನರು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಕ್ಷ ಸೇರಿದ್ದನ್ನು ಲೇಖಕರು ಒಂದು ಕಡೆ ‘ದ್ರೋಹ’ ಅಂದಿದ್ದಾರೆ, ಇನ್ನೊಂದು ಕಡೆ ‘ವಂಚನೆ’, ಮತ್ತೆರಡು ಪುಟ ಕಳೆದರೆ ‘ವಿಶ್ವಾಸಘಾತ’, ಶೀರ್ಷಿಕೆಯಲ್ಲಿ ‘ದೇಶದ್ರೋಹ’. ಎಲ್ಲ ಒಂದೇ ಅರ್ಥವೇ? ಇವುಗಳ ಮೂಲ ಏನು? ಅಚ್ಚಿಗೆ ಕೊಡುವ ಮುಂಚೆ ಸರಿ ಮಾಡಬೇಕು. ಬಲ್ಲವರು ತಿಳಿಸಿ.

ಹಳಗನ್ನಡ ಪ್ರಿಯ:
ಒಂದೇ ಅಲ್ಲ ಸರ್. ಮೂರೂ ಸಂಸ್ಕೃತದಿಂದ ಬಂದವು, ಬೇರುಗಳು ಬೇರೆ ಬೇರೆ.

‘ದ್ರೋಹ’ಕ್ಕೆ ಮೂಲ ‘ದ್ರುಹ್’ ಧಾತು. ಕೇಡು ಬಗೆ, ಹಗೆ ಸಾಧಿಸು ಎಂದು ಅರ್ಥ. ಋಗ್ವೇದದಲ್ಲೇ ಇದೆ. ಪಾರಸಿಗಳ ಧರ್ಮಗ್ರಂಥ ಅವೆಸ್ತಾದ ‘ದ್ರುಜ್’ (ಸುಳ್ಳು), ಹಳೆಯ ಪರ್ಷಿಯನ್ನಿನ ‘ದ್ರೌಗ’ ಇದರ ದಾಯಾದಿಗಳು. ಪರ್ಷಿಯಾದ ದಾರಯವಹುಷ್ (ಡೇರಿಯಸ್) ದೊರೆಯ ಬೆಹಿಸ್ತೂನ್ ಶಾಸನದಲ್ಲಿ ದಂಗೆಯೆದ್ದವರ ಮೇಲೆ ಹೊರಿಸಿರುವ ಅಪವಾದ ಈ ‘ದ್ರೌಗ’ವೇ.

ಪಾಣಿನಿ (ಅಷ್ಟಾಧ್ಯಾಯಿ 1.4.37) ಕ್ರುಧ್, ದ್ರುಹ್, ಈರ್ಷ್ಯೆ, ಅಸೂಯೆ ಅರ್ಥದ ಧಾತುಗಳಿಗೆ ಯಾರ ಮೇಲೆ ಸಿಟ್ಟೋ ಅವರು ಸಂಪ್ರದಾನ, ಎಂದರೆ ಚತುರ್ಥಿ ವಿಭಕ್ತಿ ಎನ್ನುತ್ತಾನೆ. ಕನ್ನಡದಲ್ಲೂ ‘ಒಡೆಯನಿಗೆ ದ್ರೋಹ’, ‘ಸ್ನೇಹಿತನಿಗೆ ದ್ರೋಹ’. ಒಡೆಯನನ್ನು ದ್ರೋಹ ಮಾಡಿದ ಎಂದು ಯಾರೂ ಹೇಳುವುದಿಲ್ಲ. ‘ವಂಚಿಸು’ ಹಾಗಲ್ಲ, ‘ಅವನನ್ನು ವಂಚಿಸಿದ’. ಅದರ ಧಾತು ‘ವಂಚ್’, ಅಂಕುಡೊಂಕಾಗಿ ಸಾಗು, ಅಲ್ಲಿಂದ ದಾರಿ ತಪ್ಪಿಸು, ಮೋಸಗೊಳಿಸು. ವಂಚನೆಗೆ ಪರಿಚಯವೇ ಬೇಕಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪರಿಚಿತನೂ ವಂಚಿಸಬಹುದು. ದ್ರೋಹಕ್ಕೆ ಮೊದಲೇ ಒಂದು ಋಣ ಇರಬೇಕು. ಅದಕ್ಕೇ ಸ್ವಾಮಿದ್ರೋಹ, ಮಿತ್ರದ್ರೋಹ, ಗುರುದ್ರೋಹ ಎಂದು ಋಣ ಯಾರದೋ ಅವರ ಹೆಸರು ಸೇರಿಸಿ ಸಮಾಸ ಮಾಡುತ್ತೇವೆ. ಸ್ವಾಮಿವಂಚಕ ಎಂಬ ಮಾತೂ ಉಂಟು, ಬಳಕೆ ಕಡಿಮೆ.

‘ವಿಶ್ವಾಸ’ದಲ್ಲಿರುವುದು ‘ಶ್ವಸ್’, ಉಸಿರಾಡು. ಒಬ್ಬರ ಎದುರು ನಿರಾಳವಾಗಿ ಉಸಿರು ಬಿಡುವಷ್ಟು ನೆಚ್ಚಿಕೆ. ‘ಘಾತ’ ಬಂದದ್ದು ‘ಹನ್’ ಧಾತುವಿನಿಂದ, ಹೊಡೆ, ಕೊಲ್ಲು. ಮೂರರಲ್ಲಿ ಹೆಚ್ಚು ಇರಿಯುವ ಪದ ಇದೇ.

ಕನ್ನಡ ನಾಡಿನ ಬಳಕೆ ನೋಡಬೇಕೆಂದರೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಬಿರುದು ‘ದ್ರೋಹಘರಟ್ಟ’. ಘರಟ್ಟ ಎಂದರೆ ಬೀಸುವ ಕಲ್ಲು. ಒಡೆಯನಿಗೆ ಎರಡು ಬಗೆದವರನ್ನು ಹಿಟ್ಟು ಮಾಡುವವನು! ಅವನ ಮಗ ಬೊಪ್ಪ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೂ ಮೊದಲು ದ್ರೋಹಘರಟ್ಟ ಜಿನಾಲಯ ಎಂದೇ ಹೆಸರು.

ಕೋರ್ಟು ಕಚೇರಿ:
ಕಾನೂನಿನಲ್ಲೂ ಇದೇ ಗೆರೆ. ಕೊಡಗಿನ ಬೆಳೆಗಾರರಿಗೆ ತಿಳಿದಿದ್ದರೆ ಒಳ್ಳೆಯದು, ದೂರು ಬರೆಯುವಾಗ ಬಹಳ ಜನ ಎಡವುವುದು ಇಲ್ಲೇ.

ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲಗಳನ್ನು ‘ರೇಟು ಬಂದಾಗ ಮಾರುತ್ತೇನೆ, ಅಲ್ಲಿಯವರೆಗೆ ನಿಮ್ಮಲ್ಲಿರಲಿ’ ಎಂದು ವ್ಯಾಪಾರಿಯ ಗೋದಾಮಿನಲ್ಲಿ ಇಟ್ಟಿರಿ ಅನ್ನಿ. ಮಾಲು ಇನ್ನೂ ನಿಮ್ಮದೇ. ಹೇಳದೆ ಕೇಳದೆ ಅವನು ಮಾರಿ ದುಡ್ಡು ನುಂಗಿದರೆ ಅದು ನಂಬಿಕೆ ದ್ರೋಹ. ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) 405, 406. ಈಗ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ. ಮೊದಲು ಗರಿಷ್ಠ 3 ವರ್ಷ ಇದ್ದ ಶಿಕ್ಷೆ ಈಗ 5 ವರ್ಷ.

ಕೊಡುವ ಮನಸ್ಸೇ ಇಲ್ಲದೆ, ಮೊದಲ ದಿನದಿಂದಲೇ ಸುಳ್ಳು ಹೇಳಿ ಮಾಲು ಎತ್ತಿಕೊಂಡು ಹೋದರೆ ಅದು ವಂಚನೆ. ಹಿಂದಿನ 415, 420. ಈಗ 318.

ಮೂರನೆಯದು, ಹೆಚ್ಚಿನ ಕೇಸು ಬಿದ್ದುಹೋಗುವುದು ಇದರಲ್ಲಿ. ಬೆಲೆ ನಿಗದಿ ಮಾಡಿ ಸಾಲಕ್ಕೆ ಮಾರಿದ್ದೀರಿ, ಅವನು ದುಡ್ಡು ಕೊಟ್ಟಿಲ್ಲ. ಮಾರಿದ ಮೇಲೆ ಮಾಲು ಅವನದು. ಅವನಿಗೆ ಒಪ್ಪಿಸಿಟ್ಟ ವಸ್ತು ಅಂತ ಏನೂ ಉಳಿಯುವುದಿಲ್ಲ, ಹಾಗಾಗಿ ನಂಬಿಕೆ ದ್ರೋಹ ನಿಲ್ಲುವುದಿಲ್ಲ. ಆರಂಭದಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಲಾಗದಿದ್ದರೆ ಸಿವಿಲ್ ದಾವೆಯೇ ಗತಿ. ಆದ್ದರಿಂದ ಇಡುವಾಗಲೇ ರಸೀದಿಯಲ್ಲಿ ಚೀಲ ಎಷ್ಟು, ತೂಕ ಎಷ್ಟು, ಓಟಿ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು, ‘ಠೇವಣಿಗೆ’ ಎಂಬ ಮಾತು, ಸಹಿ ಇಷ್ಟಿರಲಿ. ಒಂದೇ ಸಂಗತಿಗೆ ಎರಡೂ ಕಲಂ ಜಡಿದು ದೂರು ಕೊಡುವ ಚಾಳಿ ಇದೆ. ಉದ್ದೇಶ ಮೊದಲೇ ಕೆಟ್ಟಿತ್ತೋ ಆಮೇಲೆ ಕೆಟ್ಟಿತೋ, ಎರಡರಲ್ಲಿ ಒಂದು ತಾನೆ?

2024ರ ಜುಲೈ 1ಕ್ಕಿಂತ ಮುಂಚೆ ನಡೆದದ್ದಕ್ಕೆ ಐಪಿಸಿಯೇ ಅನ್ವಯ.

ಮೂರ್ನಾಡು ಓದುಗ:
ಕಾಫಿ ಲೆಕ್ಕ ಕೇಳಿರಲಿಲ್ಲ, ಆದರೂ ಉಪಕಾರವಾಯಿತು. ಇಂಗ್ಲಿಷಿನ ‘ಬಿಟ್ರೇಯಲ್’ಗೆ ಇವುಗಳಲ್ಲಿ ಯಾವುದು ಸಮೀಪ? ಲೇಖಕರು ನೋಡಿಕೊಂಡದ್ದು ಇಂಗ್ಲಿಷ್ ಪುಸ್ತಕ. ಅಚ್ಚಗನ್ನಡದ ಮಾತೇ ಇಲ್ಲವೇ?

ಹಳಗನ್ನಡ ಪ್ರಿಯ:
ಅದರ ಮೂಲ ಲ್ಯಾಟಿನ್ನಿನ ‘ತ್ರಾದೆರೆ’, ಆಚೆಗೆ ಕೊಡು, ಕೈಗೊಪ್ಪಿಸು. ಹಳೆಯ ಫ್ರೆಂಚಿನ ‘ತ್ರಾಯಿರ್’ ಆಗಿ ಇಂಗ್ಲಿಷಿಗೆ ಬಂದು, ಮುಂದೆ ‘ಬಿ’ ಸೇರಿಕೊಂಡಿತು. ‘ಟ್ರೀಸನ್’, ‘ಟ್ರೆಡಿಷನ್’ ಎರಡೂ ಅದೇ ಬೇರಿನವು. ಹಿಂದಿನವರು ಮುಂದಿನವರ ಕೈಗೆ ಕೊಟ್ಟರೆ ಸಂಪ್ರದಾಯ, ಕೋಟೆಯನ್ನು ಶತ್ರುವಿನ ಕೈಗೆ ಕೊಟ್ಟರೆ ದ್ರೋಹ. ಕನ್ನಡ ಬೈಬಲ್ಲಿನಲ್ಲಿ ಯೇಸುವನ್ನು ಶತ್ರುಗಳಿಗೆ ಒಪ್ಪಿಸಿದ ಯೂದನ ಕೆಲಸಕ್ಕೆ ಬಳಸಿದ ಕ್ರಿಯಾಪದ ‘ಹಿಡಿದುಕೊಡು’. ಮೂಲದ ಅರ್ಥಕ್ಕೆ ಇದಕ್ಕಿಂತ ಹತ್ತಿರದ್ದು ಸಿಗಲಾರದು.

ಅಚ್ಚಗನ್ನಡಕ್ಕೆ ‘ಎರಡು ಬಗೆ’ ಇದೆಯಲ್ಲ. ಉಂಡ ಮನೆಗೆ ಎರಡು ಬಗೆಯುವುದು. ಇಲ್ಲಿ ‘ಬಗೆ’ ಎಂದರೆ ಎಣಿಸು, ಮನಸ್ಸಿನಲ್ಲಿ ತರು. ಹೊಟ್ಟೆ ಬಗೆಯುವ ‘ಬಗೆ’ ಬೇರೆ, ಗೊಂದಲ ಬೇಡ. ‘ದ್ರೋಹ ಬಗೆದ’ ಎಂಬಲ್ಲಿಯೂ ಎಣಿಸುವ ಬಗೆಯೇ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ದ್ರೋಹ ಬಗೆಯುವುದು ಮನಸ್ಸಿನೊಳಗಿನ ಕೆಲಸ, ಎಸಗುವುದು ಹೊರಗಿನದು. ‘ಉಂಡ ಮನೆಯ ಗಳ ಎಣಿಸುವುದು’ ಇನ್ನೂ ಸೊಗಸು. ಊಟಕ್ಕೆ ಕೂತವನು ಎಲೆ ನೋಡದೆ ಸೂರಿನ ಬಿದಿರುಗಳ ಲೆಕ್ಕ ಹಾಕುತ್ತಿದ್ದಾನೆ.

ಕರಡು ತಿದ್ದುವವ:
ನಿಮ್ಮ ಶೀರ್ಷಿಕೆಯ ‘ದೇಶದ್ರೋಹ’ ಮೊದಲು ತೆಗೆಯಿರಿ. 1834ರ ದಿವಾನರ ಋಣ ಇದ್ದದ್ದು ಅರಸನಿಗೆ. ಇಂದಿನ ಅರ್ಥದ ದೇಶವನ್ನು ಅಲ್ಲಿಗೆ ಒಯ್ಯುವುದು ತಪ್ಪು. ಅರಸನ ಕಡೆಯಿಂದ ನೋಡಿ ಬರೆದ ವಾಕ್ಯದಲ್ಲಿ ‘ಸ್ವಾಮಿದ್ರೋಹ’ ಸರಿಹೋಗುತ್ತದೆ. ‘ರಾಜದ್ರೋಹ’ ಬೇಡ, ಪತ್ರಿಕೆ ಓದಿದವರಿಗೆ ಅದು ಹಳೆಯ ಐಪಿಸಿ 124ಎ (ಸರ್ಕಾರದ ವಿರುದ್ಧ ದ್ವೇಷ ಹುಟ್ಟಿಸುವ ಅಪರಾಧದ ಕಲಂ) ನೆನಪು ತರುತ್ತದೆ.

‘ವಂಚನೆ’ ಪೂರ್ತಿ ಬಿಡಿ, ಸುಳ್ಳು ಹೇಳಿ ಮರುಳು ಮಾಡಿದ ಸಂಗತಿ ನಿಮ್ಮ ಲೇಖನದಲ್ಲಿದ್ದರೆ ಮಾತ್ರ ಇರಲಿ. ‘ವಂಚಿತ’ದ ಮೇಲೂ ಒಂದು ಕಣ್ಣಿಡಿ. ‘ಅಧಿಕಾರ ವಂಚಿತ ಅರಸ’ ಎಂದರೆ ಈಗಿನ ಓದುಗರಿಗೆ ಅಧಿಕಾರ ಸಿಗದವನು ಎಂದಷ್ಟೇ ಹೊಳೆಯುವುದು.

ಕಾಗುಣಿತ: ‘ಧ್ರೋಹ’ ಅಲ್ಲ, ಅಲ್ಪಪ್ರಾಣ ‘ದ್ರೋಹ’. ‘ವಿಶ್ವಾಸಘಾತಕ’, ‘ವಿಶ್ವಾಸಘಾತುಕ’ ಎರಡೂ ಬಳಕೆಯಲ್ಲಿವೆ, ಒಂದನ್ನು ಆರಿಸಿ ಕೊನೆತನಕ ಅದನ್ನೇ ಇಡಿ. ಕೆಲಸದ ಹೆಸರು ವಿಶ್ವಾಸಘಾತ, ಮಾಡಿದವನು ಘಾತುಕ. ‘ವಿಶ್ವಾಸಘಾತುಕತನ’ ನಾಲಿಗೆಗೆ ಶಿಕ್ಷೆ.

ನಿರೂಪಣೆಯ ಭಾಗದಲ್ಲಿ ಈ ಯಾವುದೂ ಬೇಡ ಎಂಬುದು ನನ್ನ ಅಭಿಪ್ರಾಯ. ‘ಕಂಪನಿಯ ಪಕ್ಷ ಸೇರಿದರು, ಮುಂದೆ ಕಂಪನಿಯ ಆಡಳಿತದಲ್ಲೂ ದಿವಾನರಾಗಿಯೇ ಉಳಿದರು’ ಎಂದು ಬರೆಯಿರಿ, ಓದುಗ ತಾನೇ ತೂಗುತ್ತಾನೆ. ಅರಸನೂ ಮುಂದೆ ಲಂಡನ್ನಿಗೆ ಹೋಗಿ ಕಂಪನಿಯ ಮೇಲೆ ಹಣಕ್ಕಾಗಿ ದಾವೆ ಹೂಡಿದ. ಯಾರು ಯಾರಿಗೆ ಎರಡು ಬಗೆದರು ಎಂಬ ಪ್ರಶ್ನೆ ಅಲ್ಲಿ ಇನ್ನೊಂದು ಮಗ್ಗುಲಾಗುತ್ತದೆ. ಆ ಪುಟವನ್ನು ಲೇಖಕರು ಕೈಬಿಟ್ಟಿದ್ದರೆ ಸೇರಿಸಲು ಹೇಳಿ.