ಪದ ಬೇಕು: ಪೋಲಿಶ್‌ನ 'ಗ್ದಿಬಿ' ವಾಕ್ಯಕ್ಕೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಪೋಲೆಂಡಿಗೆ ಓದಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಪೋಲಿಶ್ ವ್ಯಾಕರಣದ ಕೈಪಿಡಿ ಬರೆಯುತ್ತಿದ್ದೇನೆ, ನಾಳೆ ಅಚ್ಚಿಗೆ ಕೊಡಬೇಕು. 'ಯೆಶ್ಲಿ' ಇದ್ದರೆ ಆಗಬಹುದಾದ ಮಾತು: ಸಮಯ ಸಿಕ್ಕರೆ ಓದುತ್ತೇನೆ. 'ಗ್ದಿಬಿ' ಇದ್ದರೆ ಬರೀ ಕಲ್ಪನೆ: 'ಗ್ದಿಬಿಮ್ ಮ್ಯಾವ್ ಚಾಸ್, ಚಿತಾವ್‌ಬಿಮ್', ಸಮಯ ಇದ್ದಿದ್ದರೆ ಓದುತ್ತಿದ್ದೆ. ಈ 'ಬಿಮ್' ಹತ್ತಿದ ಕ್ರಿಯಾಪದಕ್ಕೆ ಅವರು 'ತ್ರಿಪ್ ಪ್ಶಿಪುಶ್ಚಾಯೊಂತ್ಸಿ' ಅನ್ನುತ್ತಾರೆ. 'ಸಂಭಾವನಾರ್ಥಕ' ಹಾಕಲೇ, 'ಪಕ್ಷಾರ್ಥಕ' ಹಾಕಲೇ?

> ಎರಡೂ ಬೇಡ. ಸಂಭಾವನಾರ್ಥಕ ಅಂದರೆ ನಮ್ಮ 'ಬಂದಾನು', 'ಆದೀತು'. ಅಲ್ಲಿ ಆಗುವ ಆಸೆ ಇನ್ನೂ ಇದೆ. ಪಕ್ಷಾರ್ಥಕ ಅಂದರೆ 'ಬಂದರೆ', ಹಳಗನ್ನಡದ 'ಬಂದೊಡೆ', ಅದು ಯೆಶ್ಲಿಗೂ ಸಲ್ಲುತ್ತದೆ. ಸುಮ್ನೆ 'ಇದ್ದಿದ್ದರೆ ರೂಪ' ಅಂತ ಬರೆಯಿರಿ. ನಮ್ಮ ಮಕ್ಕಳಿಗೆ ಇದು ಹೊಸದೇ ಅಲ್ಲ. 'ನಿನ್ನೆ ಸಮಯ ಇದ್ದಿದ್ದರೆ', 'ಈಗ ಸಮಯ ಇದ್ದಿದ್ದರೆ', ಎರಡಕ್ಕೂ ನಮ್ಮಲ್ಲಿ ಒಂದೇ ರೂಪ, ಇವತ್ತಿನ ಪೋಲಿಶ್‌ನಲ್ಲೂ ಸಾಮಾನ್ಯವಾಗಿ ಹಾಗೇ. ಅವರೂ ಭೂತಕಾಲದ ರೂಪಕ್ಕೇ 'ಬಿಮ್' ಅಂಟಿಸುತ್ತಾರೆ. ಹುಡುಗಿ ಹೇಳಿದರೆ 'ಮ್ಯಾವಾ', 'ಚಿತಾವಾಬಿಮ್' ಆಗುತ್ತದೆ, ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮ 'ನಾನು'ವಿಗೆ ಗಂಡು ಹೆಣ್ಣು ಇಲ್ಲವಲ್ಲ, ಎಲ್ಲರೂ ಎಡವುವುದು ಅಲ್ಲೇ.

>> ತಪ್ಪು. 'ಖ್ಚಾವ್‌ಬಿಮ್ ಜಾಪಿತಾಚ್' ಅಂದರೆ 'ಒಂದು ಮಾತು ಕೇಳಬೇಕಿತ್ತು'. ಅಲ್ಲಿ ಯಾವ 'ಇದ್ದಿದ್ದರೆ' ಇದೆ? ಅದೂ ಇದೇ ರೂಪ, ಬರೀ ಮರ್ಯಾದೆಗೆ. ನಾವೂ 'ಬೇಕು' ಬಿಟ್ಟು 'ಬೇಕಿತ್ತು' ಅನ್ನುವುದು ಅದಕ್ಕೇ ಅಲ್ವಾ? ಪೋಲಿಶ್ ಹೆಸರು ಹುಟ್ಟಿದ್ದು 'ಊಹಿಸು' ಅನ್ನುವ ಕ್ರಿಯಾಪದದಿಂದ. 'ಊಹೆಯ ರೂಪ' ಸಾಕು.

>>> 'ಊಹೆ' ಸಂಸ್ಕೃತ. 'ಎಣಿಕೆಯ ರೂಪ' ಅನ್ನಿ. ಪೋಲಿಶರು ಪ್ರಥಮಾ ವಿಭಕ್ತಿಗೆ ಲ್ಯಾಟಿನ್ ಹೆಸರು ಇಟ್ಟುಕೊಳ್ಳದೆ ತಮ್ಮದೇ 'ಮ್ಯಾನೊವ್ನಿಕ್' ಕಟ್ಟಿಕೊಂಡರು. ನಾವು ಮಾತ್ರ ಯಾಕೆ ಎಲ್ಲದಕ್ಕೂ ಸಾಲ ತರಬೇಕು?

>>>> ಅದೇ ಪೋಲಿಶರು ವ್ಯಾಕರಣಕ್ಕೆ 'ಗ್ರಮಾತಿಕಾ' ಅನ್ನುತ್ತಾರೆ, ಅದು ಲ್ಯಾಟಿನ್ನಿನಿಂದ ಬಂದದ್ದು. 'ಎಣಿಕೆ' ಅಂದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಮತ ಎಣಿಕೆ ನೆನಪಾಗುತ್ತದೆ. ನಮ್ಮಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ, 'ಊಹೆ' ಅವರ ಬಾಯಲ್ಲಿ ದಿನಾ ಇತ್ತು. ಅದನ್ನು ಹೊರಗಿನದು ಅಂತ ತಳ್ಳುವುದನ್ನು ನಾನು ಒಪ್ಪುವುದಿಲ್ಲ.

ಎಲ್ಲರಿಗೂ ವಂದನೆ. ತಲೆಬರಹಕ್ಕೆ 'ಊಹೆಯ ರೂಪ' ಹಾಕುತ್ತೇನೆ. ಕೆಳಗೆ ಮೊದಲ ಉದಾಹರಣೆ 'ಇದ್ದಿದ್ದರೆ', ಎರಡನೆಯದು 'ಕೇಳಬೇಕಿತ್ತು'.